ಅಪ್ಪನ ಹೆಸರಿಗೆ ಬಂದ ಕರೆ

ನಮ್ಮ ಕಡೆ ಮನೆತನದ ಹೆಸರು ಅಂತ ಒಂದಿಲ್ಲ. ಹೆಸರಿನ ಮುಂದೆ ಅಪ್ಪನ ಹೆಸರಿನ ಮೊದಲಕ್ಷರವನ್ನು ಅಂಟಿಸಿಕೊಂಡು ಜೀವನ ಕಳೆದುಬಿಡುತ್ತೇವೆ. ಪಾಸ್‌ಪೋರ್ಟಿಗೆ ಅದು ಸಾಲದು. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟರೆ ಮುಂದೆ ವೀಸಾಕ್ಕೆ ತೊಂದರೆ ಎಂದು ತಿರುಪ್ಪೂರಿನ ಬ್ರೌಸಿಂಗ್ ಸೆಂಟರಿನವನು ಹೆದರಿಸಿದ. ಸರಿ, ಅಲ್ಲಿ ಅಪ್ಪನ ಹೆಸರನ್ನು ಪೂರ್ತಿ ಹಾಕಿಸಿದೆ. ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ಒಂದು ದಿನವೂ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ನಾನು ಹೀಗೆ ಬೀದಿಗೆ ತಂದರೆ ಅವಳಿಗೆ ಸರಿಬರುವುದಿಲ್ಲ. ರೇಷನ್ ಕಚೇರಿಯ ಗುಮಾಸ್ತ "ವೀಟ್ಟುಕ್ಕಾರರ್ ಪೇರು ಸೊಲ್ಲುಂಗಮ್ಮಾ" ಎಂದು ತಮಿಳಿನಲ್ಲಿ ಗಂಡನ ಹೆಸರು ಕೇಳಿದರೆ, ಅವಳು ಗೋಡೆಯ ಕ್ಯಾಲೆಂಡರಿನಲ್ಲಿರುವ, ಅಪ್ಪನದೇ ಹೆಸರಿನ ದೇವರ ಕಡೆ ಕೈ ತೋರಿಸುತ್ತಿದ್ದಳು. ಅಲ್ಲಿ ಬೇರೆ ದೇವರಿದ್ದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು. ಅಪ್ಪ ಹೋದ ಮೇಲೆ ಬ್ಯಾಂಕು, ಗ್ಯಾಸು, ಪಿ.ಎಫ್. ಎಂದು ನಾವಿಬ್ಬರೂ ಸುತ್ತದ ಕಚೇರಿಯಿಲ್ಲ. ಹೆಸರು ಹೇಳುವುದು ನನ್ನ ಪಾಲು, "ಎಕ್ಸ್‌ಪೈರ್ ಆಗಿಟ್ಟಾರು" ಎಂದು ತೀರಿಕೊಂಡದ್ದನ್ನು ತಿಳಿಸುವುದು ಅವಳ ಪಾಲು. ಅಮ್ಮನಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟರಲ್ಲೇ ಇತ್ತು. ಬನಿಯನ್ ಕಂಪೆನಿಯ ಚೆಕಿಂಗ್ ಮೇಜಿನಲ್ಲಿ ಕಲಿತ ಡ್ಯಾಮೇಜು, ರಿಜೆಕ್ಟು, ಆಮೇಲೆ ಈ ಎಕ್ಸ್‌ಪೈರು.

ಅಪ್ಪ ಅದೇ ಕಂಪೆನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಕೊಯಮತ್ತೂರಿನ ಕಡೆಯ ಕಿಣತ್ತುಕಡವಿನ ಹತ್ತಿರ ಹೊಲ ಮಾಡಿಕೊಂಡಿದ್ದ ಕನ್ನಡದ ಮನೆಯಿಂದ ತಿರುಪ್ಪೂರಿಗೆ ಬಂದವನು. ಸಂಜೆ ಬರುವಾಗ ಜೇಬಿನ ತುಂಬ ಬಣ್ಣಬಣ್ಣದ ಚಿಂದಿ ತರುತ್ತಿದ್ದ. ಅವೇ ನನ್ನ ಆಟದ ಸಾಮಾನು. ಬಟ್ಟೆಗೆ ಬಣ್ಣ ಹೇಗೆ ಹತ್ತುತ್ತದೆ ಎಂಬುದನ್ನೇ ಓದಬೇಕು ಎಂಬ ಹುಚ್ಚು ನನಗೆ ಹಿಡಿದದ್ದು ಅಲ್ಲಿಂದ. ಕೊಯಮತ್ತೂರಿನಲ್ಲಿ ಪದವಿ ಮುಗಿಸಿ, ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಅದು ಬಿಟ್ಟು ಬೇರೆಲ್ಲಿಗೂ ಹಾಕಲಿಲ್ಲ. ಅಷ್ಟು ಹಟ.

ಅಲ್ಲಿಂದ ಇಮೇಲುಗಳು ಶುರುವಾದವು. ಪ್ರತಿಯೊಂದೂ "ಪ್ರಿಯ" ಎಂದು ಆರಂಭವಾಗಿ ಅದರ ಪಕ್ಕದಲ್ಲೇ ಅಪ್ಪನ ಹೆಸರು. ಅಂಕಪಟ್ಟಿ ಕಳಿಸು ಎಂದು ಅಪ್ಪನನ್ನು ಕೇಳುತ್ತಿದ್ದರು, ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಅಪ್ಪನನ್ನು ಹೊಗಳುತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ! ನಾನು ಬಿದ್ದು ಬಿದ್ದು ನಕ್ಕು ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ.

"ಓದು, ಕೇಳಣ" ಎಂದಳು.

ನಾನು ನೇರವಾಗಿ ವಿಷಯಕ್ಕೆ ಹೋದೆ.

"ಅಲ್ಲಿಂದ ಅಲ್ಲ ಅಮ್ಮಿಣಿ. ಮೊದ್ಲಿಂದ." ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವುದು ನಮ್ಮ ಕಡೆ ಹಾಗೆಯೇ, ಅಮ್ಮಿಣಿ ಎಂದು.

ಅಂದಿನಿಂದ ಅದೇ ಅಭ್ಯಾಸವಾಯಿತು. ಕೆಲಸ ಮುಗಿಸಿ ಬಂದವಳೇ "ಬಂತಾ?" ಎನ್ನುತ್ತಿದ್ದಳು. ಬಂದಿದ್ದರೆ ಕಾಲು ಚಾಚಿ ಕೂತು ಮೊದಲ ಎರಡು ಪದ ಕೇಳುತ್ತಿದ್ದಳು. ಮಿಕ್ಕದ್ದು ಅವಳಿಗೆ ಬೇಕಿರಲಿಲ್ಲ. "ಅಷ್ಟು ಆಸೆ ಇದ್ರೆ ನೀನೇ ಹೆಸ್ರು ಹಿಡ್ದು ಕರಿ" ಎಂದು ಕೆಣಕಿದರೆ, "ಥೂ, ಸುಮ್ನಿರು" ಎಂದು ಮುಖ ತಿರುಗಿಸುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಆ ಹೆಸರನ್ನು ಬದುಕಿರುವವರನ್ನು ಕರೆಯುವ ಹಾಗೆ ಯಾರಾದರೂ ಕರೆದು ಎಷ್ಟೋ ಕಾಲವಾಗಿತ್ತು. ಕಚೇರಿಗಳಲ್ಲಿ ಅದನ್ನು ಹೇಳುತ್ತಿದ್ದದ್ದು ಅಳಿಸಿ ಹಾಕುವುದಕ್ಕೇ ತಾನೆ.

ಅರ್ಜಿ ಕೊನೆಯ ಹಂತಕ್ಕೆ ಬಂತು. ಇನ್ನು ಫೋನಿನಲ್ಲಿ ಮಾತನಾಡಿಸಿ ನೋಡುತ್ತೇವೆ, ಅದೊಂದು ಆದರೆ ಸೀಟು ಖಚಿತ ಎಂದು ಬರೆದರು. ನಾನು ನನ್ನ ಫೋನನ್ನು ಸ್ನಾನಕ್ಕೆ ಹೋದಾಗಲೂ ಬಿಡಲಿಲ್ಲ. ಆದರೆ ಅರ್ಜಿಯಲ್ಲಿದ್ದದ್ದು ಅಪ್ಪನ ನಂಬರು. ಶಾಲೆ, ಕಾಲೇಜು, ಆಧಾರ್, ಎಲ್ಲದಕ್ಕೂ ಮೊದಲಿನಿಂದ ಕೊಟ್ಟು ಅಭ್ಯಾಸವಾಗಿದ್ದ ನಂಬರು. ಬೆರಳು ತಾನಾಗಿ ಅದನ್ನೇ ಒತ್ತಿತ್ತು. ಆ ಫೋನು ಈಗ ಅಮ್ಮನ ಚೀಲದಲ್ಲಿರುತ್ತಿತ್ತು.

ಒಂದು ಸಂಜೆ ಅಮ್ಮ ಬಂದವಳೇ, ಚಪ್ಪಲಿ ಕೂಡ ಬಿಡದೆ ಹೇಳಿದಳು. "ಇವತ್ತು ಫಾರಿನ್ ಫೋನು ಬಂದಿತ್ತು. ಒಬ್ಳು ಚಿಕ್ಕ ಹುಡ್ಗಿ. ನಿಮ್ಮಪ್ಪ ಇದಾರಾ ಅಂತ ಕೇಳಿದ್ಲು. ಹೆಸ್ರು ಎಷ್ಟು ಅಳಗಾ, ಚೆಂದಾಗಿ ಹೇಳಿದ್ಲು ಗೊತ್ತಾ? ಬಯ್ಯರ್ ಕಡೆಯೋರಿರ್ಬೇಕು. ಇನ್ನೂ ಮರ್ತಿಲ್ಲ ನೋಡು."

"ನೀ ಏನಂದೆ?"

"ಇನ್ನೇನು ಅನ್ಲಿ. ಎಕ್ಸ್‌ಪೈರ್ ಮೇಡಂ ಅಂದೆ. ಪಾವಂ, ಸಾರಿ ಸಾರಿ ಅಂತಾನೇ ಇದ್ಲು."

ಬಟ್ಟೆ ಕೊಳ್ಳುವ ಹೊರದೇಶದ ಬಯ್ಯರುಗಳು ಕಟಿಂಗ್ ಮಾಸ್ಟರನನ್ನು ವಿಚಾರಿಸುವುದು ನಮ್ಮೂರಿನಲ್ಲಿ ಹೊಸದೇನಲ್ಲ. ನನಗೂ ಹೊಳೆಯಲಿಲ್ಲ. ಇಬ್ಬರೂ ಅವತ್ತು ಸಂತೋಷವಾಗಿಯೇ ಉಂಡೆವು.

ಎರಡು ದಿನದ ಮೇಲೆ ಇಮೇಲು ಬಂತು. ಈ ಸಲ "ಪ್ರಿಯ" ಆದಮೇಲೆ ಅಪ್ಪನ ಹೆಸರು, ಅದರ ಪಕ್ಕ "ಅವರ ಕುಟುಂಬಕ್ಕೆ" ಎಂದಿತ್ತು. ನಿಮ್ಮ ನಷ್ಟಕ್ಕೆ ನಾವೆಲ್ಲರೂ ಮರುಗುತ್ತಿದ್ದೇವೆ, ಬಣ್ಣಗಳ ಬಗ್ಗೆ ಅವರು ಬರೆದದ್ದನ್ನು ಇಷ್ಟಪಟ್ಟು ಓದಿದ್ದೆವು, ಒಳ್ಳೆಯ ಭವಿಷ್ಯವಿದ್ದ ವಿದ್ಯಾರ್ಥಿ, ಅರ್ಜಿಯನ್ನು ಮುಕ್ತಾಯ ಮಾಡಿದ್ದೇವೆ. ಓದುತ್ತ ನನಗೆ ಮೊದಲು ನಗು ಬಂತು, ಆಮೇಲೆ ಮೊದಲಿನಿಂದ ಇನ್ನೊಮ್ಮೆ ಓದಿದೆ. ಅವರ ಪಾಲಿಗೆ ನಾನು ಸತ್ತಿದ್ದೆ. ಸೀಟು ಹೋಗಿತ್ತು.

ಅಮ್ಮನಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದೆ. ತನ್ನಿಂದ ಹೀಗಾಯಿತು ಎಂದು ತಲೆ ಚಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ, "ಅದನ್ನ ಪೂರ್ತಿ ಓದು" ಎಂದಳು. ಮೊದಲ ಸಲ ಪೂರ್ತಿ ಕೇಳಿದಳು. ಅಪ್ಪ ಹೋದಾಗ ಕಂಪೆನಿಯಿಂದ ಒಂದು ಹಾರ ಬಂದಿತ್ತು. ನಾಲ್ಕು ಸಾಲು ಬರೆದವರು ಯಾರೂ ಇರಲಿಲ್ಲ.

"ಒಳ್ಳೇ ವಿದ್ಯಾರ್ಥಿ ಅಂತ ಬರ್ದವ್ರೆ" ಎಂದಳು. "ಓದ್ಸಿದ್ರೆ ಓದೋರು ತಾನೆ ನಿಮ್ಮಪ್ಪ."

ನಾನು ಬದುಕಿದ್ದೇನೆ ಎಂದು ಬರೆದು ಕಳಿಸಿದೆ. ಬರೆಯುವಾಗ ಅಪ್ಪನನ್ನು ಇನ್ನೊಮ್ಮೆ ಸಾಯಿಸಿದ ಹಾಗನ್ನಿಸಿತು. ಅವರು ನಂಬಲು ಸಮಯ ತೆಗೆದುಕೊಂಡರು. ಸೀಟುಗಳು ತುಂಬುತ್ತಿದ್ದವು, ನಾನು ಅನ್ನ ಬಿಟ್ಟು ಕೂತಿದ್ದೆ. ಕೊನೆಗೆ ವಿಡಿಯೋ ಕರೆಯಲ್ಲಿ ಪಾಸ್‌ಪೋರ್ಟನ್ನು ಮುಖದ ಪಕ್ಕ ಹಿಡಿದು ತೋರಿಸು ಎಂದರು. ಅಮ್ಮ ರಜೆ ಹಾಕಿ, ಕ್ಯಾಮೆರಾಕ್ಕೆ ಕಾಣದ ಹಾಗೆ ನನ್ನ ಪಕ್ಕ ಕೂತಳು. ಅಂದು ಫೋನ್ ಮಾಡಿದ್ದ ಹುಡುಗಿಯೇ ಬಂದಳು. ನಮ್ಮ ಕಡೆ ಅಪ್ಪನ ಹೆಸರೇ ಕೊನೆಯ ಹೆಸರು ಎಂದು ವಿವರಿಸಿದೆ. ಅವಳು ಕೆಂಪಗಾಗಿ ಕ್ಷಮೆ ಕೇಳಿದಳು. ಆಮೇಲೆ, "ಹಾಗಾದರೆ ನಿಮ್ಮ ತಂದೆ ತೀರಿಕೊಂಡದ್ದು ನಿಜ. ಅಮ್ಮನಿಗೆ ನಾನು ಹೇಳಿದ ಸಂತಾಪದ ಮಾತು ಹಾಗೇ ಇರಲಿ" ಎಂದಳು. ನನ್ನ ಕಣ್ಣು ತುಂಬಿಬಿಟ್ಟಿತು.

ಸಂದರ್ಶನ ಅಲ್ಲೇ ನಡೆಯಿತು. ಕೊನೆಯಲ್ಲಿ, ಇನ್ನು ಗೊಂದಲವಾಗದಂತೆ ನಿಮ್ಮದೇ ಹೆಸರಿನಿಂದ ಕರೆಯುವ ಹಾಗೆ ಬದಲಿಸಲೇ ಎಂದು ಕೇಳಿದಳು. ನಾನು ಅಮ್ಮನಿಗೆ ಪಿಸುಮಾತಿನಲ್ಲಿ ಹೇಳಿದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ವೇಂಡ ಅನ್ನು. ಇರ್ಲಿ."

ಬದಲಿಸುವುದು ಬೇಡ ಎಂದೆ; ಸೀಟು ಸಿಕ್ಕಿತು, ಅಪ್ಪನ ಹೆಸರನ್ನು ಹಾಗೇ ಇರಿಸಿಕೊಂಡು ಬಂದೆ. ನಮ್ಮ ಮನೆಯಲ್ಲಿ ಕನ್ನಡ ಬರೀ ಬಾಯಲ್ಲಿತ್ತು, ಅಕ್ಷರ ಯಾರಿಗೂ ತಿಳಿಯದು. ಈ ಅಕ್ಷರಗಳನ್ನು ನಾನು ಕಲಿತದ್ದು ಇಲ್ಲಿ ಇಂಗ್ಲೆಂಡಿನಲ್ಲಿ, ದಾವಣಗೆರೆಯ ಒಬ್ಬ ಸಹಪಾಠಿಯಿಂದ. ಅವಳು ನನ್ನ ಕನ್ನಡ ಕೇಳಿ ನಗುತ್ತಾಳೆ. ನಗಲಿ. ಆ ಕನ್ನಡ ಕೇಳಬೇಕೆನಿಸಿದಾಗ ನನಗಿರುವವಳು ಅಮ್ಮ ಒಬ್ಬಳೇ.

ಇಲ್ಲಿ ಲ್ಯಾಬಿನಲ್ಲಿ ಕೊನೆಯ ಹೆಸರಿನಿಂದ, ಅಂದರೆ ಅಪ್ಪನ ಹೆಸರಿನಿಂದ, ಹಾಜರಿ ಕೂಗುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಅಮ್ಮನಿಗೆ ಫೋನು ಮಾಡುತ್ತೇನೆ. ಉಂಡೆಯಾ ಎಂದು ಕೇಳುವ ಮೊದಲೇ ಅವಳದು ಒಂದೇ ಪ್ರಶ್ನೆ.

"ಇವತ್ತು ಕೂಗಿದ್ರಾ?"

"ಕೂಗಿದ್ರಮ್ಮಾ."

"ನೀ ಏನಂದೆ?"

"ಇದ್ದೀನಿ ಅಂದೆ."

ಆಮೇಲೆ ಹೇಳುತ್ತಾಳೆ, "ನಾಳೆನೂ ತಪ್ಪದೆ ಹೋಗು, ಅಮ್ಮಿಣಿ."