ಅಂಬಲಪಾಡಿಯ ಮನೆಗೆ ಉಳ್ಳಾಗಡ್ಡಿ ತಂದದ್ದು

"ನೀವು ನೀರುಳ್ಳಿ ತಿನ್ನುತ್ತೀರಾ?"

ಅಂಬಲಪಾಡಿಯಲ್ಲಿ ಬಾಡಿಗೆ ಕೋಣೆ ಕೇಳಲು ಹೋದಾಗ ಮನೆಯೊಡತಿ ರುಕ್ಮಿಣಿಯಮ್ಮ ನನ್ನ ಹೆಸರಿಗಿಂತ ಮೊದಲು ಕೇಳಿದ್ದು ಇದನ್ನು. ನೀರುಳ್ಳಿ ಎಂದರೆ ನಮ್ಮ ಉಳ್ಳಾಗಡ್ಡಿ. ಬಯಲುಸೀಮೆಯ ರೋಣದಿಂದ ಬಂದವಳನ್ನು ಹೀಗೆ ಕೇಳಿದರೆ ಏನು ಹೇಳುವುದು? ಉಸಿರಾಡುತ್ತೀರಾ ಎಂದು ಯಾರಾದರೂ ಕೇಳುತ್ತಾರೆಯೇ! ಆದರೆ ಆಗ ನಾನು ಮಾತು ಬೆಳೆಸುವ ಸ್ಥಿತಿಯಲ್ಲಿರಲಿಲ್ಲ. ಎಪ್ಪತ್ತರ ದಶಕದ ಕೊನೆ. ಮಣಿಪಾಲದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಪ್ರಾಯೋಗಿಕ ತರಗತಿ ನಡೆಸುವ ಕೆಲಸ ಸಿಕ್ಕಿತ್ತು, ಒಂಟಿ ಹೆಂಗಸಿಗೆ ಕೋಣೆ ಮಾತ್ರ ಸಿಕ್ಕಿರಲಿಲ್ಲ. "ತಿಂಗಳೊಳಗ ಮನಿ ಸಿಗಲಿಲ್ಲಂದ್ರ ಹೊಳ್ಳಿ ಬಾ" ಎಂದು ಅಣ್ಣ ಹೇಳಿಯೇ ಕಳಿಸಿದ್ದ. ಒಮ್ಮೆ ಹೋದರೆ ಅವನು ಮತ್ತೆ ಬಿಡುವವನಲ್ಲ.

"ಈ ಮನೆಯಲ್ಲಿ ತಿನ್ನುವುದಿಲ್ಲ" ಎಂದೆ.

"ಅಷ್ಟು ಸಾಕು. ನೀರುಳ್ಳಿ, ಬೆಳ್ಳುಳ್ಳಿ ಹೊಸ್ತಿಲು ದಾಟಿ ಬರ್ಲಿಕ್ಕಿಲ್ಲ. ನಮ್ಮ ಭಟ್ರು ದೇವಸ್ಥಾನದ ಪೂಜೆಗೆ ಹೋಗುವವರು. ಇದೊಂದು ತಪ್ಪಿದ್ರೆ ಮಾತ್ರ ನೀವು ಬೇರೆ ಕಡೆ ನೋಡ್ಕೊಳ್ಳಿ."

ಕೋಣೆ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ನಮ್ಮ ಕಡೆ ಗಾಳಿ ಬಟ್ಟೆಯನ್ನು ಒಂದು ತಾಸಿನಲ್ಲಿ ಒಣಗಿಸಿ ಕೊಡುತ್ತದೆ. ಇಲ್ಲಿ ಒಣಗಿದ ಸೀರೆ ಉಟ್ಟ ಕ್ಷಣವೇ ಬೆವರಿನಲ್ಲಿ ಮೈಗಂಟಿಕೊಳ್ಳುತ್ತದೆ. ಊಟ ರುಕ್ಮಿಣಿಯಮ್ಮನ ಕೈಯದೇ: ಎಲ್ಲದಕ್ಕೂ ತೆಂಗಿನಕಾಯಿ, ದಪ್ಪ ಕುಚ್ಚಲಕ್ಕಿ ಅನ್ನ, ಮೇಲೆ ತಿಳಿಸಾರು. ಹೊಟ್ಟೆ ತುಂಬುತ್ತಿತ್ತು, ಬಾಯಿಗೆ ಏನೋ ಸಾಲದು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು "ಒಣಸ್ ಆಂಡಾ?" ಅನ್ನುತ್ತಿದ್ದರು. ಊಟವಾಯಿತೇ ಎಂಬುದಕ್ಕೆ ತುಳುವಿನ ಮಾತು ಅದು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ನನ್ನ ಕನ್ನಡ ಕೇಳಿ ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಿದ್ದರು, ಪುಸ್ತಕದಲ್ಲಿದ್ದಂತೆ ಮಾತಾಡುವ ಅವರ ಕನ್ನಡ ಕೇಳಿ ನನಗೂ ನಗು ಬರುತ್ತಿತ್ತು. ಕೋಣೆಯಲ್ಲಿ ಕುಳಿತರೆ ಜೀವ ತಳಮಳ. ರಜೆ ಬಂತೆಂದರೆ ಕಾರ್ಕಳವೋ ಉಡುಪಿಯ ಪೇಟೆಯೋ, ಯಾವ ಬಸ್ಸು ಮೊದಲು ಬಂತೋ ಅದನ್ನು ಹತ್ತಿಬಿಡುತ್ತಿದ್ದೆ.

ಒಂದು ಭಾನುವಾರ ಹಾಗೆಯೇ ಕಾಪುವಿಗೆ ಹೋದೆ. ದೀಪಸ್ತಂಭದ ಬುಡದಲ್ಲಿ ನಿಂತು ಸಮುದ್ರ ನೋಡಿ, ಅದೂ ಸಾಕಾಗಿ, ಪೇಟೆಗೆ ಬಂದೆ. ಅಂಗಡಿಯ ಮುಂದೆ ಗೋಣಿಚೀಲದ ತುಂಬ ಉಳ್ಳಾಗಡ್ಡಿ! ಮರುದಿನ ಮುಂಜಾನೆ ನನ್ನ ತರಗತಿಯಲ್ಲಿ ಜೀವಕೋಶದ ಪಾಠವಿತ್ತು. ಉಳ್ಳಾಗಡ್ಡಿಯ ಪದರದ ಒಳಮೈಯಿಂದ ತೆಳ್ಳನೆಯ ಪೊರೆ ಎತ್ತಿ ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕು. ಕಾಲೇಜಿನಲ್ಲಿದ್ದವು ಕೊಳೆತಿದ್ದವು, ಭಾನುವಾರವಾದ್ದರಿಂದ ಅಲ್ಲಿ ಇಟ್ಟು ಬರುವಂತೆಯೂ ಇರಲಿಲ್ಲ. ಆರು ಗಡ್ಡೆ ಕೊಂಡು, ಹಳೆಯ ಸೀರೆಯಲ್ಲಿ ಸುತ್ತಿ ಕೋಣೆಯ ಟ್ರಂಕಿನಲ್ಲಿಟ್ಟೆ. ಪಾಠಕ್ಕೆ ತಾನೇ, ಎಂದು ನನಗೆ ನಾನೇ ಹೇಳಿಕೊಂಡೆ.

ಅದೇ ಟ್ರಂಕಿನಲ್ಲಿ ಅವ್ವ ಕಳಿಸಿದ, ಒಣಗಿಸಿದ ಜೋಳದ ಕಟಕರೊಟ್ಟಿ, ಶೇಂಗಾ ಚಟ್ನಿ ಇದ್ದವು. ಇನ್ನೇನು ಹೇಳಲಿ! ಸಂಜೆ ಭಟ್ಟರ ಮನೆಯಲ್ಲಿ ದೇವರ ದೀಪ ಹಚ್ಚುವ ಹೊತ್ತಿಗೆ ನಾನು ಬಾಗಿಲು ಮುಂದೆ ಮಾಡಿ, ಒಂದು ಗಡ್ಡೆಯನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು, ರೊಟ್ಟಿಯ ಜೊತೆ ಕಣ್ಣಲ್ಲಿ ನೀರು ಬರುವಂತೆ ತಿಂದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಊಟ ಮಾಡಿದಂತಾಯಿತು.

ಬಾಗಿಲು ತಟ್ಟಿದ ಸದ್ದಾಯಿತು. ರುಕ್ಮಿಣಿಯಮ್ಮ.

"ಟೀಚರ್, ಎಂತ ವಾಸನೆ ಇದು?"

ಉಳಿದ ಐದನ್ನು ಹೊರಗೆ ತಂದು ತೋರಿಸಿ, ಸಿಪ್ಪೆ ಎತ್ತಿ ಮಕ್ಕಳಿಗೆ ತೋರಿಸಲು ನಾಳೆಯ ಪಾಠಕ್ಕೆ ತಂದದ್ದು ಎಂದೆ.

"ಪಾಠಕ್ಕೆ ಮಾತ್ರ ಅಲ್ವಾ?"

"ಹೌದು, ಪಾಠಕ್ಕೆ ಮಾತ್ರ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಗಡ್ಡೆಗಳನ್ನು ಬಚ್ಚಲಿನ ಆಚೆ ಇಡಿಸಿದರು. ಆಮೇಲೆ ಬಾವಿಕಟ್ಟೆಯ ಬಳಿ ಬೆಳೆದ ಗಿಡವೊಂದನ್ನು ತೋರಿಸಿ, "ನಿಮ್ಮ ಪಾಠಕ್ಕೆ ಇದರ ಎಲೆ ಆಗುವುದಿಲ್ವಾ? ನೀರುಳ್ಳಿಯೇ ಆಗಬೇಕಾ?" ಎಂದರು. ಕತ್ತಿಯಂತೆ ಉದ್ದನೆಯ ಎಲೆ, ಮೇಲೆ ಹಸಿರು, ಅಡಿಯಲ್ಲಿ ನೇರಳೆ. ಅಯ್ಯೋ ನನ್ನ ದಡ್ಡತನವೇ! ಕೋಶ ತೋರಿಸಲು ಹೇಳಿಮಾಡಿಸಿದಂಥ ಎಲೆ, ದಿನವೂ ಅದರ ಪಕ್ಕದಲ್ಲೇ ನೀರು ಸೇದುತ್ತಿದ್ದೆ.

ಮರುದಿನ ಎರಡನ್ನೂ ಒಯ್ದೆ. ಉಳ್ಳಾಗಡ್ಡಿಯ ಪೊರೆಗೆ ಒಂದು ಹನಿ ಅಯೋಡಿನ್ ಹಾಕಿದಾಗ ಇಟ್ಟಿಗೆ ಜೋಡಿಸಿದಂತೆ ಕೋಶಗಳು, ಒಂದೊಂದರಲ್ಲೂ ಕಂದು ಚುಕ್ಕೆಯಂಥ ಕೋಶಕೇಂದ್ರ ಕಂಡವು. ನೇರಳೆ ಎಲೆಯ ಸಿಪ್ಪೆಯಲ್ಲಂತೂ ಬಣ್ಣದ ರಸ ತುಂಬಿದ ಕೋಶಗಳು ಎದ್ದು ಕಾಣುತ್ತಿದ್ದವು. ಹುಡುಗಿಯರು ಸಾಲುಗಟ್ಟಿ ನಿಂತು ನೋಡಿದರು, ಆ ದಿನ ನನ್ನ ಕನ್ನಡಕ್ಕೆ ಯಾರೂ ನಗಲಿಲ್ಲ. ವಿಭಾಗದ ಮುಖ್ಯಸ್ಥರಿಗೆ ಖುಷಿಯಾಗಿ, ಮುಂದಿನ ಪಾಠದ ತಯಾರಿಗೆಂದು ಒಂದು ಸೂಕ್ಷ್ಮದರ್ಶಕವನ್ನು ಮನೆಗೆ ಒಯ್ಯಲು ಬಿಟ್ಟರು.

ಇತ್ತ ರುಕ್ಮಿಣಿಯಮ್ಮ ನೆರೆಹೊರೆಯಲ್ಲೆಲ್ಲ, "ನಮ್ಮ ಟೀಚರ್ ನಮ್ಮ ಗಿಡದಲ್ಲೇ ಪಾಠ ಮಾಡುವುದು" ಎಂದು ಹೇಳಿಕೊಂಡು ಬಂದರು. ಅದನ್ನು ಕೇಳಿದಾಗಲೆಲ್ಲ ನನಗೆ ನನ್ನ ಸುಳ್ಳು ನೆನಪಾಗುತ್ತಿತ್ತು. ಅವರು ಬಡಿಸಿದ್ದು ರುಚಿಸುತ್ತಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಜಗಲಿಯ ಬೆಳಕಿನಲ್ಲಿ ಸೂಕ್ಷ್ಮದರ್ಶಕ ಇಟ್ಟು, ಅದೇ ನೇರಳೆ ಎಲೆಯ ಸಿಪ್ಪೆಯನ್ನು ಅದರಡಿ ಜೋಡಿಸಿದೆ. ರುಕ್ಮಿಣಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ ಬಗ್ಗಿದರು.

"ದೇವರೇ! ಒಂದು ಎಲೆಯ ಒಳಗೆ ಇಷ್ಟು ಕೋಣೆ ಉಂಟಾ?"

ನಾನು ಉಪ್ಪುನೀರಿನ ಒಂದು ಹನಿ ಬಿಟ್ಟೆ. ನೇರಳೆ ರಸ ಗೋಡೆಯನ್ನು ಬಿಟ್ಟು ನಡುವಿಗೆ ಮುದುಡತೊಡಗಿತು.

"ಅಯ್ಯೋ, ಇದು ಎಂತಕ್ಕೆ ಕುಗ್ಗುವುದು?"

"ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಅಮ್ಮ."

"ಮಾವಿನ ಮಿಡಿಗೆ ಉಪ್ಪು ಹಾಕಿದ ಹಾಗೆ! ಇದು ನಮಗೆ ಮೊದಲೇ ಗೊತ್ತುಂಟು. ಮತ್ತೆ ಸರಿ ಆಗುವುದಿಲ್ವಾ?"

"ಜೀವ ಇದ್ದರೆ ಆಗುತ್ತದೆ." ಬಾವಿಯ ಸಿಹಿನೀರು ಬಿಟ್ಟೆ. ಕೋಶಗಳು ನಿಧಾನವಾಗಿ ತುಂಬಿಕೊಂಡವು. "ಗೋಡೆಯ ಒಳಗೆ ಒಂದು ತೆಳುವಾದ ಪೊರೆ ಇದೆ. ಅದು ನೀರನ್ನು ಸುಲಭವಾಗಿ ಬಿಡುತ್ತದೆ, ಉಳಿದದ್ದನ್ನು ಹಾಗೆ ಬಿಡುವುದಿಲ್ಲ. ಕೋಶ ಸತ್ತರೆ ಆ ಕಾವಲು ಹೋಯಿತು, ಏನು ಬೇಕಾದರೂ ನುಗ್ಗುತ್ತದೆ."

"ಹಾಗಾದ್ರೆ ಬದುಕಿದ್ದು ಎಲ್ಲವನ್ನೂ ಒಳಗೆ ಬಿಡುವುದಿಲ್ಲ ಅಂತಾಯ್ತು" ಎಂದು ಅವರು ತಲೆಯೆತ್ತಿ ನನ್ನನ್ನು ನೋಡಿದರು.

ನನಗೆ ತಡೆಯಲಾಗಲಿಲ್ಲ. "ಅಮ್ಮ, ಆ ದಿನ ನಾನು ಒಂದು ಉಳ್ಳಾಗಡ್ಡಿ ತಿಂದೆ. ನಿಮ್ಮ ಮನೆಯೊಳಗೇ ತಿಂದೆ. ನಿಮಗೆ ಸುಳ್ಳು ಹೇಳಿದೆ" ಎಂದು ಅತ್ತೇಬಿಟ್ಟೆ. ಟ್ರಂಕು ಕಟ್ಟುವುದು, ರೋಣದ ಬಸ್ಸು, ಅಣ್ಣನ ಮುಖ ಎಲ್ಲವೂ ಕಣ್ಣ ಮುಂದೆ ಬಂದವು.

"ನನಗೆ ಅವತ್ತೇ ಗೊತ್ತುಂಟು. ಪಾಠದ ನೀರುಳ್ಳಿಯ ವಾಸನೆ ಬಾಯಿಯಿಂದ ಬರುತ್ತದಾ, ಮಾರಾಯ್ತಿ?" ಎಂದರು. ಅಲ್ಲಿಯವರೆಗೆ ನಾನು ಅವರಿಗೆ 'ನೀವು', 'ಟೀಚರ್' ಆಗಿದ್ದೆ. "ಹೇಳ್ತೀಯಾ ಅಂತ ಕಾದೆ. ಏಳು ದಿನ ಬೇಕಾಯ್ತು ನಿನಗೆ. ಇನ್ನು ತಿನ್ನಬೇಕು ಅನ್ನಿಸಿದ್ರೆ ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಿನ್ನು. ಬಾಯಿ ತೊಳೆದು ಒಳಗೆ ಬಾ. ಒಳಗೆ ಮಾತ್ರ ತರಬೇಡ."

ಆ ಕಲ್ಲಿನ ಮೇಲೆ ಕುಳಿತು ನಾನು ಎಷ್ಟೋ ವರ್ಷ ರೊಟ್ಟಿ ತಿಂದೆ. ಎಂಬತ್ತರ ದಶಕ ಬಂತು, ಕೆಲಸ ಕಾಯಂ ಆಯಿತು, ಕೋಣೆ ಮಾತ್ರ ಅದೇ. 'ಒಣಸ್ ಆಂಡಾ' ಎಂದು ಈಗ ನಾನೇ ಮೊದಲು ಕೇಳುತ್ತೇನೆ. ತಳಮಳ ಹೋಯಿತೆಂದು ಹೇಳಲಾರೆ. ಇಲ್ಲಿದ್ದರೆ ಅಲ್ಲಿಯ ಒಣಗಾಳಿ ಬೇಕು, ಅಲ್ಲಿಗೆ ಹೋದರೆ ಮೂರನೆಯ ದಿನಕ್ಕೆ ಬಾವಿಕಟ್ಟೆಯ ಗಿಡ ನೆನಪಾಗುತ್ತದೆ.

ಕಳೆದ ರಜೆಯಲ್ಲಿ ರೋಣಕ್ಕೆ ಹೋಗಿದ್ದೆ. ಅವ್ವ ಅಡುಗೆಮನೆಯಲ್ಲಿ ಬಿಸಿರೊಟ್ಟಿ ಬಡಿಸಿ, ನನ್ನ ಮುಂದೆಯೇ ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ತಾಟಿಗೆ ಹಾಕಿದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತಾಟು ಹಿಡಿದು ಎದ್ದೆ. ಹೊಸ್ತಿಲು ದಾಟಿ, ಅಂಗಳಕ್ಕಿಳಿದು, ಕೂರಲು ಕಲ್ಲು ಹುಡುಕುತ್ತಿದ್ದೆ.

"ಯಾಕವ್ವಾ, ತಾಟು ಹಿಡಕೊಂಡು ಎಲ್ಲಿಗೆ ಹೊಂಟಿ?" ಎಂದು ಒಳಗಿನಿಂದ ಅವ್ವ ಕೂಗಿದಳು. "ಇದು ನಿನ್ನ ಮನಿ ಅಲ್ಲೇನು?"