ಕತ್ತರಿಗೆಂದೇ ಹುಟ್ಟಿದ ಮಂತ್ರಿ

ನನ್ನ ಅಣ್ಣ ವೃತ್ತಿಯಲ್ಲಿ ದರ್ಜಿ, ಹವ್ಯಾಸದಲ್ಲಿ ಮಂತ್ರಿ. ನನ್ನ ಗಂಡ ತೆಗೆದ ಪ್ರತಿ ಸಿನಿಮಾದಲ್ಲೂ ಮಂತ್ರಿಯ ಪಾತ್ರ ಅವನದೇ. ನೀವು ನೋಡಿರಲಾರಿರಿ, ಯಾರೂ ನೋಡಿಲ್ಲ.

ನನ್ನ ಗಂಡನನ್ನು ಮಾತ್ರ ನೀವು ಬಲ್ಲಿರಿ. ಒಂದು ಕಾಲಕ್ಕೆ ಸರ್ಕಾರವನ್ನು ಬೈಯುವ ಅವರ ಸಿನಿಮಾ ಬಂತೆಂದರೆ ಕಲ್ಲು ಬಿದ್ದು ಚಿತ್ರಮಂದಿರದ ಗಾಜು ಪುಡಿಯಾಗುತ್ತಿತ್ತು, ಜೊತೆಗೆ ನಮ್ಮ ಮನೆಯದೂ. ಗಾಜು ಒಡೆದ ದಿನ ಅವರ ಮುಖ ಅರಳುತ್ತಿತ್ತು. ಒಡೆಯದಿದ್ದರೆ ಊಟ ಸೇರುತ್ತಿರಲಿಲ್ಲ. ಚೂರುಗಳನ್ನು ಗುಡಿಸುವ ಕೆಲಸ ಮಾತ್ರ ಕ್ರಾಂತಿಯ ಲೆಕ್ಕಕ್ಕೆ ಸೇರದೆ ನನ್ನ ಪಾಲಿಗೇ ಉಳಿಯಿತು.

ಇಷ್ಟೆಲ್ಲಾ ಬೈಗುಳವಿರುವ ಸಿನಿಮಾಗಳನ್ನು ಸೆನ್ಸಾರ್ ಬೋರ್ಡು ಹೇಗೆ ಬಿಡುತ್ತಿತ್ತು ಎಂದು ಜನ ಬೆರಗಾಗುತ್ತಿದ್ದರು. ಅದರ ಗುಟ್ಟು ನಮ್ಮ ಅಣ್ಣ. ಬೋರ್ಡಿನವರಿಗೆ ಏನಾದರೂ ಕತ್ತರಿಸದಿದ್ದರೆ ಕೂಲಿಗೆ ಮೋಸ ಮಾಡಿದಂತೆ ಅನಿಸುತ್ತದೆ, ಹಾಗಾಗಿ ಕತ್ತರಿಸಲೆಂದೇ ಒಂದು ದೃಶ್ಯ ಕೊಟ್ಟುಬಿಡಬೇಕು ಎಂಬುದು ನನ್ನ ಗಂಡನ ಸಿದ್ಧಾಂತ. ಆದ್ದರಿಂದ ಪ್ರತಿ ಸಿನಿಮಾದಲ್ಲೂ ಒಬ್ಬ ಮಂತ್ರಿ ಬಂದು ಬಾಯಿಗೆ ಬಂದದ್ದೆಲ್ಲ ಒದರಿ ಹೋಗುತ್ತಿದ್ದ. ಬೋರ್ಡು ಅವನನ್ನು ಕತ್ತರಿಸಿ ಕೈ ತೊಳೆದುಕೊಳ್ಳುತ್ತಿತ್ತು, ಉಳಿದದ್ದು ಪಾಸಾಗುತ್ತಿತ್ತು. ಮರುದಿನ ಪತ್ರಿಕೆಯಲ್ಲಿ ನನ್ನ ಗಂಡ ಎದೆ ತಟ್ಟಿಕೊಂಡು, ಸತ್ಯದ ಕತ್ತು ಹಿಸುಕಿದರು ಎನ್ನುತ್ತಿದ್ದರು.

ಕತ್ತರಿಗೆ ಹೋಗುವ ಪಾತ್ರಕ್ಕೆ ದುಡ್ಡು ಕೊಟ್ಟು ನಟನನ್ನು ಕರೆಸುವಷ್ಟು ದೊಡ್ಡ ಕ್ರಾಂತಿಕಾರಿಯಲ್ಲ ಅವರು. ಮೊದಲ ಸಿನಿಮಾಕ್ಕೆ ಅಣ್ಣ ಮಂತ್ರಿಯ ಕೋಟು ಹೊಲಿದು ತಂದಿದ್ದ, ಅಳತೆಗೆ ಯಾರೂ ಸಿಕ್ಕದೆ ತನ್ನ ಮೈಗೇ ಹೊಲಿದಿದ್ದ. "ಭಾವ, ನೀವೇ ಹಾಕ್ಕೊಂಡು ನಿಂತ್ಕೊಂಡ್ಬಿಡಿ" ಎಂದರು ನನ್ನ ಗಂಡ. ದೃಶ್ಯ ಉಳಿಯುವುದಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಅಣ್ಣ ಒಪ್ಪಿದ. ಒಪ್ಪಿ, ಉಳಿಯುತ್ತದೆಂದು ಒಳಗೊಳಗೇ ಆಸೆಯನ್ನೂ ಇಟ್ಟುಕೊಂಡ.

ಆಸೆಗೆ ಕಾರಣ ಅಮ್ಮ. ಮಗ ಸಿನಿಮಾದಲ್ಲಿದ್ದಾನೆಂದು ಕೇಳಿ ಮೊದಲ ಸಿನಿಮಾಕ್ಕೆ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿದ್ದಳು. ಮುಖ ಸಣ್ಣದು ಮಾಡಿಕೊಂಡು ಬಂದಳು. ಅಂದಿನಿಂದ ಅವನು ಶೂಟಿಂಗ್ ಎಂದಾಗಲೆಲ್ಲ, "ಪ್ಯಾಂಟಿಗೆ ಗುಂಡಿ ಹಾಕೋಕೆ ಹೋಗ್ತೀನಿ ಅನ್ನು, ಮರ್ಯಾದೆ ಉಳಿಯುತ್ತೆ" ಎನ್ನುತ್ತಿದ್ದಳು. ಐವತ್ತು ದಾಟಿದ ಮಗ ತಾಯಿಯ ಕಣ್ಣಲ್ಲಿ ಸುಳ್ಳುಗಾರನಾಗಿ ಕೂತಿರುವುದು ನನ್ನ ಹೊಟ್ಟೆ ಉರಿಸುತ್ತಿತ್ತು.

ಅಣ್ಣನಿಗೆ ಬೋರ್ಡಿನ ಮೇಲೆ ಕೋಪವಿರಲಿಲ್ಲ. "ಅವರೂ ನಮ್ಮ ಕಸುಬಿನೋರೇ. ಬಟ್ಟೆ ಚೆನ್ನಾಗಿದ್ರೆ ಕತ್ತರಿ ಇಡೋಕೆ ಕೈ ಬರಲ್ಲ" ಎನ್ನುತ್ತಿದ್ದ. ಅದಕ್ಕೇ ವರ್ಷದಿಂದ ವರ್ಷಕ್ಕೆ ಮಂತ್ರಿಯನ್ನು ಸಭ್ಯನನ್ನಾಗಿ ಮಾಡುತ್ತ ಬಂದ. ಲಂಚವನ್ನು ಎರಡೂ ಕೈಯೊಡ್ಡಿ ವಿನಯದಿಂದ ತೆಗೆದುಕೊಂಡ. ಗೋಲಿಬಾರಿಗೆ ಆಜ್ಞೆ ಕೊಡುವಾಗ ಕಣ್ಣೀರು ಹಾಕಿದ. ಲಂಚಕೋರನಿಗಿಂತ ವಿನಯವಂತ ಲಂಚಕೋರ ಬೋರ್ಡಿಗೆ ಇನ್ನೂ ಅಪಾಯಕಾರಿಯಾಗಿ ಕಂಡಿರಬೇಕು, ಎಳ್ಳಷ್ಟೂ ಬಿಡದೆ ಕತ್ತರಿಸಿತು.

ಆಮೇಲೆ ಸರ್ಕಾರ ಬದಲಾಯಿತು. ಹಳಬರನ್ನು ಬೈದವರೆಲ್ಲ ಹೊಸಬರಿಗೆ ನೆಂಟರಾದರು. ಕಲ್ಲು ಬೀಳುತ್ತಿದ್ದ ನಮ್ಮ ಅಂಗಳಕ್ಕೆ ಹೂವಿನ ಹಾರಗಳು ಬಂದವು, ಅವುಗಳನ್ನೂ ನಾನೇ ಗುಡಿಸಿದೆ. ನನ್ನ ಗಂಡ ಸೆನ್ಸಾರ್ ಬೋರ್ಡಿನ ಅಧ್ಯಕ್ಷರಾದರು. ಸತ್ಯದ ಕತ್ತಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಅಣ್ಣನ ಕಾಲು ಮಾತ್ರ ನೆಲಕ್ಕೆ ತಾಗುತ್ತಿರಲಿಲ್ಲ. ಭಾವನ ಸಿನಿಮಾಕ್ಕೆ ಭಾವನೇ ಬೋರ್ಡು, ಇನ್ನು ಕತ್ತರಿಸುವವರು ಯಾರು? ಹೊಸ ಸಿನಿಮಾದಲ್ಲಿ ಅವನ ಮಂತ್ರಿ ಬೈಗುಳದ ಸುದ್ದಿಗೇ ಹೋಗಲಿಲ್ಲ. ಒಬ್ಬ ಬಡವನ ಅರ್ಜಿ ಓದಿ, "ನನ್ನ ಕೈಲಿ ಏನೂ ಇಲ್ಲಪ್ಪ" ಎಂದು ತಲೆ ತಗ್ಗಿಸುತ್ತಾನೆ, ಅಷ್ಟೇ. ಅವತ್ತು ಸೆಟ್ಟಿನಲ್ಲಿ ನಾನಿದ್ದೆ. ಲೈಟಿನವರು ಕೂಡ ಕೆಲಸ ಬಿಟ್ಟು ನೋಡಿದರು. ನನ್ನ ಅಣ್ಣ ಇಷ್ಟು ದೊಡ್ಡ ನಟನೆಂದು ನನಗೆ ಗೊತ್ತೇ ಇರಲಿಲ್ಲ.

ಅಮ್ಮನನ್ನು ಬೇಡಿ ಕಾಡಿ ನಾನು, ಅಣ್ಣ, ನನ್ನ ಗಂಡ ಸೇರಿ ಮ್ಯಾಟಿನಿಗೆ ಕರೆದುಕೊಂಡು ಹೋದೆವು. ಅವಳಿಗೆ ಈಗ ಮೆಟ್ಟಿಲು ಹತ್ತಲಾಗದು, ಅಣ್ಣ ತೋಳು ಹಿಡಿದು ಹತ್ತಿಸಿದ. ಅಣ್ಣ ಪರದೆಯನ್ನು ನೋಡಲಿಲ್ಲ, ಅಮ್ಮನ ಮುಖವನ್ನೇ ನೋಡುತ್ತ ಕೂತಿದ್ದ. ಬಡವ ಅರ್ಜಿ ಹಿಡಿದು ಕಚೇರಿಯ ಬಾಗಿಲು ತಟ್ಟಿದ. ಬಾಗಿಲು ತೆರೆಯಿತು. ಮರುಕ್ಷಣ ನಾಯಕಿ ಹಾಡುತ್ತಿದ್ದಳು.

ಹೊರಗೆ ಬಂದು ನನ್ನ ಗಂಡನನ್ನು ಕಂಬದ ಹಿಂದೆ ತಡೆದೆ. "ಯಾರು ಕತ್ತರಿಸಿದ್ದು?"

"ನಾನೇ. ನನ್ನ ಸಿನಿಮಾನೇ ಕತ್ತರಿಸದೆ ಬಿಟ್ರೆ ಪಕ್ಷಪಾತ ಅಂತಾರೆ. ಏನಾದ್ರೂ ಒಂದು ತೆಗೀಬೇಕಿತ್ತು. ಹೇಗೂ ಭಾವನಿಗೆ ಅಭ್ಯಾಸ ಇದೆಯಲ್ಲ."

ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಅಣ್ಣನ ತೋಳು ಹಿಡಿದು ಬಂದಳು. ಅವಳದೂ ಒಂದು ಪ್ರಶ್ನೆಯಿತ್ತು. "ಇದೀನಿ ಅಂದ್ಯಲ್ಲೋ, ಎಲ್ಲಿ ಹೋದೆ?"

ಅಣ್ಣ ನನ್ನ ಗಂಡನ ಮುಖ ನೋಡಿದ, ನನ್ನ ಮುಖ ನೋಡಿದ. "ಬೋರ್ಡಿನೋರು ತೆಗೆದ್ಬಿಟ್ರಮ್ಮ. ಭಾವ ಪಾಪ ಏನು ಮಾಡ್ತಾರೆ, ಅವರ ಕೈಲಿ ಏನೂ ಇಲ್ಲ" ಎಂದು ತಲೆ ತಗ್ಗಿಸಿದ. ಸೆಟ್ಟಿನಲ್ಲಿ ತಗ್ಗಿಸಿದ ಹಾಗೆಯೇ.

ಅಮ್ಮ ಅವನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಅಳಿಯನ ಕಡೆ ತಿರುಗಿದಳು. ಅಳಿಯನಿಗೆ ಹಾರ ಹಾಕಿದ ದಿನ ಅವಳೂ ಮುಂದಿನ ಸಾಲಿನಲ್ಲಿ ಕೂತಿದ್ದಳು, ಬೋರ್ಡಿನ ಅಧ್ಯಕ್ಷರು ಯಾರೆಂದು ಅವಳಿಗೆ ಗೊತ್ತು.

"ಅಳಿಯಂದ್ರೇ, ಬೋರ್ಡಿನೋರು ಸಿಕ್ಕಿದ್ರೆ ಒಂದು ಮಾತು ಹೇಳಿ. ನನ್ನ ಮಗನ್ನ ನೋಡೋಕೆ ಅಂತ ನಾನು ಬಂದಿದ್ದೆ."

"ಹೇಳ್ತೀನಿ ಅತ್ತೆ" ಎಂದರು ನನ್ನ ಗಂಡ.