ಎಂಜಿನ್ನಿಗೆ ಒಗ್ಗುವ ಪಂಖಾ

ಹೋಳಿ ಮುಗಿದು ಬಿಸಿಲು ಏರತೊಡಗಿದರೆ ಕಲಬುರಗಿಯ ಮೋಮಿನಪುರದ ಒಂದು ಗಲ್ಲಿಯಲ್ಲಿ ಸೈಕಲ್ ಹೋಗಲೂ ದಾರಿ ಇರುವುದಿಲ್ಲ. ಜಹಾಂಗೀರನ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅದರ ಮುಂದೆ ರಿಪೇರಿಗೆ ಬಂದ ಕೂಲರುಗಳು ಸಾಲುಗಟ್ಟಿ ನಿಂತಿರುತ್ತವೆ. ಬೇರಿಂಗ್ ಬದಲಿಸುವುದು, ಸೊಟ್ಟಗಾದ ಪಂಖದ ರೆಕ್ಕೆ ತಿದ್ದುವುದು ಅವನ ಕೆಲಸ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ಹೆಂಡತಿ ಲತೀಫಾಳದು. ಪರದೆಯ ಹಿಂದೆ ಕೂತು, ತುಟಿ ಅಲುಗಿಸದೆ ಸುತ್ತು ಎಣಿಸುತ್ತ ಅವಳು ಮೂವತ್ತು ಬೇಸಿಗೆ ಕಳೆದಿದ್ದಾಳೆ. ಮಳೆ ಬಿದ್ದಮೇಲೆ ಇಬ್ಬರಿಗೂ ಬಿಡುವೇ ಬಿಡುವು.

ಅಂಥ ಬಿಡುವಿನ ಒಂದು ಶ್ರಾವಣದಲ್ಲಿ, ಈಗ್ಗೆ ಏಳು ವರ್ಷದ ಕೆಳಗೆ, ಕಮಲಾಪುರದ ಕಲ್ಯಾಣಪ್ಪನವರು ಒಂದು ಬಟ್ಟೆಯ ಚೀಲ ಹಿಡಿದು ಅಂಗಡಿಗೆ ಬಂದರು. ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿ ಊರೂರು ತಿರುಗಿ ನಿವೃತ್ತರಾದವರು. ಹೊಲವನ್ನೂ ಕೆಂಪು ಬಾಳೆಯ ತೋಟವನ್ನೂ ತಮ್ಮ ಯಂಕಪ್ಪನೇ ನೋಡಿಕೊಳ್ಳುತ್ತಿದ್ದ. ಅಣ್ಣ ತಾವಾಯಿತು, ತಾವು ಕಟ್ಟುವ ಆಟದ ವಿಮಾನಗಳಾಯಿತು ಎಂದು ಇದ್ದುಬಿಟ್ಟಿದ್ದರು. ಚೀಲದಲ್ಲಿದ್ದದ್ದು ನಿಂಬೆಹಣ್ಣಿನಷ್ಟು ಸಣ್ಣ ಎಂಜಿನ್. ಅದರ ಮೂತಿಯ ಬೋಲ್ಟಿನ ಥ್ರೆಡ್ಡು ಸವೆದಿತ್ತು. ಸ್ಟೇಶನ್ ಬಜಾರಿನ ಹಾರ್ಡ್‌ವೇರ್ ಅಂಗಡಿಯವರು, ಇಂಥ ಸಣ್ಣ ಕೆಲಸ ಮಾಡಿದರೆ ಕೂಲರ್ ಜಹಾಂಗೀರನೇ ಮಾಡಬೇಕು ಎಂದು ಕಳಿಸಿದ್ದರು.

ಜಹಾಂಗೀರ್ ಬೋಲ್ಟು ಮಾಡಿಕೊಟ್ಟ. ಆದರೆ ಅವನ ಕಣ್ಣು ಬಿದ್ದದ್ದು ಆ ಎಂಜಿನ್ನಿಗೆ ಕೂಡಿಸಿದ್ದ ಕಟ್ಟಿಗೆಯ ಪಂಖದ ಮೇಲೆ. ಇಷ್ಟು ಸಣ್ಣ ಜೀವಕ್ಕೆ ಇಷ್ಟು ದೊಡ್ಡ ಹೊರೆ ಯಾಕೆ ಎಂದು ಕೇಳಿದ. ಕಲ್ಯಾಣಪ್ಪನವರು ನಕ್ಕು, ಪಂಖದ ಬೆನ್ನ ಮೇಲೆ ಬರೆದಿದ್ದ ಎರಡು ಅಂಕಿಗಳನ್ನು ತೋರಿಸಿದರು. ಮೊದಲನೆಯದು ತುದಿಯಿಂದ ತುದಿಗೆ ಎಷ್ಟು ಇಂಚು ಎಂದು. ಎರಡನೆಯದು ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸಾಗಬೇಕು ಎಂದು. ಸ್ಕ್ರೂ ಕಟ್ಟಿಗೆಯೊಳಗೆ ಇಳಿದ ಹಾಗೆ. ಎಂಟು-ನಾಲ್ಕು, ಎಂಟು-ಆರು, ಏಳು-ಆರು, ಹೀಗೆ ಐದಾರು ತರಹದವನ್ನು ಟಪಾಲಿನಲ್ಲಿ ತರಿಸಿದ್ದರು. ಯಾವುದು ಯಾವ ವಿಮಾನಕ್ಕೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ನೌಕರಿಯಲ್ಲಿದ್ದಾಗ ಎಲ್ಲವನ್ನೂ ಪುಸ್ತಕ ಹೇಳುತ್ತಿತ್ತು, ಇಲ್ಲಿ ಹೇಳುವವರು ಯಾರೂ ಇಲ್ಲ ಎಂದರು.

ಜಹಾಂಗೀರನಿಗೆ ಅದು ಹೊಸ ವಿದ್ಯೆ ಅನ್ನಿಸಲೇ ಇಲ್ಲ. ಬಡ ಮೋಟರಿಗೆ ಅಗಲ ರೆಕ್ಕೆ ಹಾಕಿದರೆ ಗಾಳಿ ಬರುವುದಿಲ್ಲ, ಮೋಟರ್ ಕಾಯುತ್ತದೆ. ರೆಕ್ಕೆಯ ಓರೆ ಹೆಚ್ಚಿದ್ದರೂ ಹಾಗೆಯೇ; ಆ ಎರಡನೆಯ ಅಂಕಿ ಈ ಓರೆಯದೇ. ಆಟೋ ದಿಬ್ಬ ಹತ್ತಬೇಕಾದರೆ ಫಸ್ಟ್ ಗೇರು, ಸೇಡಂ ರಸ್ತೆಯಲ್ಲಿ ಓಡಬೇಕಾದರೆ ಟಾಪ್ ಗೇರು. ಉದ್ದ ಹೆಚ್ಚು ಓರೆ ಕಡಿಮೆ ಇರುವ ಪಂಖಾ ಎಳೆಯುವುದಕ್ಕೆ, ಉದ್ದ ಕಡಿಮೆ ಓರೆ ಹೆಚ್ಚು ಇರುವುದು ಓಡುವುದಕ್ಕೆ. ಅವತ್ತೇ ಎಂಜಿನ್ನನ್ನು ಅಂಗಡಿಯ ಹಲಗೆಗೆ ಬಿಗಿದು ಒಂದೊಂದೇ ಪಂಖಾ ಹಾಕಿ ಓಡಿಸಿದರು. ಇಂಧನದಲ್ಲಿ ಬೆರೆತ ಈಥರಿನ ವಾಸನೆಗೆ ಗಲ್ಲಿಯವರೆಲ್ಲ ಬಂದು ಇಣುಕಿದರು. ಜಹಾಂಗೀರ್ ಕಣ್ಣು ಮುಚ್ಚಿ ಕೇಳಿ, ಎಂಟು-ನಾಲ್ಕನ್ನು ಎತ್ತಿ ಕೊಟ್ಟ. ಆ ಭಾನುವಾರ ಕಮಲಾಪುರದಿಂದ ಫೋನು ಬಂತು. ವಿಮಾನ ಎಂದೂ ಹಾರದ ಹಾಗೆ ಹಾರಿತ್ತು.

ಆಮೇಲೆ ಭಾನುವಾರವೆಂದರೆ ಜಹಾಂಗೀರ್ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋಗುವುದು ರೂಢಿಯಾಯಿತು. ಕಲ್ಯಾಣಪ್ಪನವರದು ತಂತಿಗೆ ಕಟ್ಟಿ ಹಾರಿಸುವ ವಿಮಾನ. ಮೂವತ್ತು ಅಡಿ ಉದ್ದದ ಎರಡು ಉಕ್ಕಿನ ತಂತಿಯ ತುದಿ ಅವರ ಕೈಯಲ್ಲಿ, ವಿಮಾನ ಸುತ್ತಲೂ ಗಿರಕಿ. ವೇಗ ಕಡಿಮೆಯಾದರೆ ತಂತಿ ಸಡಿಲಾಗಿ ವಿಮಾನ ಕೈಯ ಮಾತು ಕೇಳುವುದಿಲ್ಲ. ವೇಗ ಬೇಕೆಂದು ಓರೆ ಹೆಚ್ಚಿಸಿದರೆ ಎಂಜಿನ್ನಿಗೆ ದಮ್ಮು ಸಾಲದು. ಈ ಎರಡರ ನಡುವೆ ಪಂಖಾ ಆರಿಸುವುದೇ ಆಟದ ಅರ್ಧ. ಬೀದರ, ರಾಯಚೂರು ಕಡೆಯ ಹವ್ಯಾಸಿಗಳಿಗೂ ಜಹಾಂಗೀರನ ಹೆಸರು ಗೊತ್ತಾಯಿತು. ಅವರು ಫೋನು ಮಾಡಿದರೆ ಅವನು ಮೂರು ಮಾತು ಕೇಳುತ್ತಿದ್ದ: ಎಂಜಿನ್ ಎಷ್ಟು ಸೀಸಿಯದು, ವಿಮಾನದ ತೂಕ ಎಷ್ಟು, ಹಾರಿಸುವ ಹೊತ್ತು ಯಾವುದು. ಬಿಸಿಲೇರಿದ ಮೇಲೆ ಗಾಳಿ ತೆಳ್ಳಗಾಗಿ ಎಂಜಿನ್ನೂ ಸೋಲುತ್ತದೆ ಎಂಬುದು ಕಲಬುರಗಿಯವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊನೆಗೆ ಫೋನನ್ನು ಎಂಜಿನ್ ಹತ್ತಿರ ಹಿಡಿಯಿರಿ ಎನ್ನುತ್ತಿದ್ದ. ಎರಡು ವರ್ಷದಿಂದೀಚೆಗೆ ಮಾತ್ರ, ನೆಟ್‌ವರ್ಕ್ ಸರಿ ಇಲ್ಲ, ಸದ್ದು ಸ್ಪಷ್ಟವಾಗಿ ಬರುತ್ತಿಲ್ಲ ಎಂದು ಗೊಣಗುವುದು ಹೆಚ್ಚಾಗಿತ್ತು.

ಹೋದ ಮಾರ್ಚಿನಲ್ಲಿ ಕಲ್ಯಾಣಪ್ಪನವರು ಹೊಸ ವಿಮಾನ ಕಟ್ಟಿದರು. ನಾಲ್ಕು ತಿಂಗಳು ಹಿಡಿದಿತ್ತು. ಎಂಜಿನ್ನೂ ಹೊಚ್ಚ ಹೊಸದು. ವಿಮಾನ ತುಸು ಭಾರವಾಗಿದ್ದರಿಂದ ವೇಗ ಬೇಕು, ಎಂಟು-ಆರು ಆದೀತೇ ನೋಡು ಎಂದರು. ಹೊಲದ ಬದುವಿನಲ್ಲಿ ಎಂಜಿನ್ ಚಾಲೂ ಮಾಡಿದರು. ಜಹಾಂಗೀರ್ ಎಂದಿನಂತೆ ಕಣ್ಣು ಮುಚ್ಚಿ ನಿಂತ. ಅವನ ಕಿವಿಗೆ ಬಿದ್ದದ್ದು ಒಂದೇ ಸಮನಾದ ಮೆತ್ತನೆಯ ಗುಂಯ್. ಆಗ್ತದ್ರಿ ಎಂದ.

ಹತ್ತು ಸುತ್ತು ಆಗಿರಬಹುದು. ವಿಮಾನ ನೆತ್ತಿಯ ಮೇಲಿದ್ದಾಗ ಎಂಜಿನ್ ಒಳಗೆ ಬಿಗಿದು ಹಿಡಿದುಕೊಂಡು ನಿಂತುಬಿಟ್ಟಿತು. ತಂತಿಗಳು ಸಡಿಲಾದವು. ವಿಮಾನ ಮೂತಿ ಕೆಳಗಾಗಿ ಬಿರುಕುಬಿಟ್ಟ ಕರಿಮಣ್ಣಿಗೆ ಬಿತ್ತು. ಒಂದು ರೆಕ್ಕೆ ಬುಡದಿಂದ ಮುರಿದಿತ್ತು. ಕಲ್ಯಾಣಪ್ಪನವರು ಕುಕ್ಕರುಗಾಲಲ್ಲಿ ಕೂತು ಚೂರುಗಳನ್ನು ಆರಿಸಿದರು. ಇಂಧನಕ್ಕೆ ಔಡಲೆಣ್ಣೆ ಕಡಿಮೆ ಬೆರೆಸಿದ್ದೆ ಅಂತ ಕಾಣುತ್ತದೆ, ತಪ್ಪು ನನ್ನದೇ ಎಂದರು. ಜಹಾಂಗೀರ್ ಮುರಿದ ಮೂತಿಯಿಂದ ಎಂಜಿನ್ ಬಿಡಿಸಿದ. ಎಂಜಿನ್ ಬಿಚ್ಚಿ ನೋಡುತ್ತೇನೆ ಎಂದಷ್ಟೇ ಹೇಳಿ ಅದನ್ನು ಜೇಬಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದ.

ಅಂಗಡಿಯಲ್ಲಿ ಬಿಚ್ಚಿದಾಗ ಎಣ್ಣೆ ಸಾಕಷ್ಟಿತ್ತು. ಪಿಸ್ಟನ್ನಿನ ಮೈ ಕಂದಿತ್ತು, ಅಳತೆ ಮೀರಿದ ಹೊರೆ ಎಳೆದು ಕಾಯ್ದ ಮೋಟರಿನ ಹಾಗೆ. ಅಷ್ಟು ಏದುಸಿರು ಬಿಡುತ್ತಿದ್ದ ಎಂಜಿನ್ ಬದುವಿನಲ್ಲೇ ಒಡಕು ದನಿಯಲ್ಲಿ ಕೂಗಿ ಹೇಳಿರಬೇಕು. ತನಗೆ ಅದು ಕೇಳಿಸಿರಲಿಲ್ಲ. ಜಹಾಂಗೀರ್ ಎಂಜಿನ್ನನ್ನು ಚಿಂದಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟ. ಮುಂದಿನ ಭಾನುವಾರ, ಕೂಲರ್ ಕೆಲಸ ಬಹಳ ಇದೆ ಎಂದು ಕಮಲಾಪುರಕ್ಕೆ ಫೋನು ಮಾಡಿದ. ಅದರ ಮುಂದಿನ ಭಾನುವಾರವೂ ಅದೇ ಮಾತು. ಮೂರನೆಯ ಭಾನುವಾರ ಫೋನನ್ನೇ ಮಾಡಲಿಲ್ಲ.

ಅವತ್ತು ಮಧ್ಯಾಹ್ನ ಒಂದು ಕೂಲರಿನ ಮೋಟರ್ ಜೋಡಿಸಿ ಓಡಲು ಬಿಟ್ಟಿದ್ದ. ಬೇರಿಂಗ್ ಒಣಗಿದೆ, ಎಣ್ಣೆ ಬಿಡಿ ಎಂದು ಲತೀಫಾ ಪರದೆಯ ಹಿಂದಿನಿಂದ ಹೇಳಿದಳು. ಅವನು ಎಣ್ಣೆಯ ಡಬ್ಬಿಗೆ ಕೈ ಹಾಕಿದವನು ಹಾಗೇ ನಿಂತ. ಈ ಮಾತನ್ನು ಅವಳು ನಿನ್ನೆಯೂ ಹೇಳಿದ್ದಳು. ಹೋದ ವರ್ಷವೂ ಹೇಳುತ್ತಿದ್ದಳು. ಹೆಂಗಸರಿಗೆ ಮಾತು ಹೆಚ್ಚು ಎಂದುಕೊಂಡಿದ್ದನೇ ಹೊರತು, ಯಾಕೆ ಹೇಳುತ್ತಾಳೆ ಎಂದು ಕೇಳಿಕೊಂಡಿರಲಿಲ್ಲ. ಪರದೆ ಸರಿಸಿ ಅವಳ ಮುಖ ನೋಡಿದ.

"ತುಮ್ಕು ಸುನಾಯಿ ನೈ ದೇರಾ ನಾ ಜೀ," ಎಂದಳು ಲತೀಫಾ ಮೆಲ್ಲಗೆ. ನಿಮಗೆ ಕೇಳಿಸುತ್ತಿಲ್ಲ ಎನ್ನುವುದನ್ನು ಅವಳು ಪ್ರಶ್ನೆಯಾಗಿ ಕೇಳಿರಲಿಲ್ಲ.

ಎರಡು ವರ್ಷವಾಯಿತು ಎಂದಳು. ಮೊದಲು ಗುಬ್ಬಿಗಳ ಸದ್ದು, ಆಮೇಲೆ ಮೊಬೈಲಿನ ಅಲಾರಾಂ. ಮಾತು ಕೇಳಿಸುತ್ತದೆ, ತೆಳ್ಳನೆಯ ಸದ್ದು ಕೇಳಿಸುವುದಿಲ್ಲ. ಬಾಯಿಬಿಟ್ಟು ಹೇಳಿದರೆ ನೊಂದುಕೊಂಡೀರಿ ಎಂದು ಕೆಲಸ ಕೆಡದ ಹಾಗೆ ನೋಡಿಕೊಂಡೆ ಅಷ್ಟೇ ಎಂದಳು. ಜಹಾಂಗೀರನಿಗೆ ಮೊದಲು ಬಂದದ್ದು ಸಿಟ್ಟು. ಆ ಸಿಟ್ಟಿನಲ್ಲೇ ಊಟಕ್ಕೆ ಕೂತ. ಎರಡು ತುತ್ತು ಇಳಿಯುವ ಹೊತ್ತಿಗೆ ಅದು ಕರಗಿ ನಾಚಿಕೆ ಉಳಿಯಿತು. ಕಮಲಾಪುರದ ಕತೆಯನ್ನು ಒಂದೂ ಬಿಡದೆ ಅವಳಿಗೆ ಹೇಳಿದ.

ಕಿವಿಯ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಕಾಗದದ ಮೇಲಿನ ಗೆರೆ ಸ್ವಲ್ಪ ದೂರ ನೆಟ್ಟಗೆ ಬಂದು ಆಮೇಲೆ ಜಾರುಬಂಡಿಯ ಹಾಗೆ ಇಳಿದಿತ್ತು. ಹೋದದ್ದು ತಿರುಗಿ ಬರುವುದಿಲ್ಲ, ಕಿವಿಗೆ ಮಷಿನ್ ಹಾಕಿಕೊಂಡರೆ ಮಾತಿಗೆ ಅನುಕೂಲ ಎಂದರು. ಮಷಿನ್ ಹಾಕಿ ನೋಡಿದ. ಮೋಟರಿನ ಸದ್ದು ತಗಡು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳಿಸಿತು.

ಮುಂದಿನ ಭಾನುವಾರ ಜಹಾಂಗೀರ್ ಕಮಲಾಪುರದ ಬಸ್ಸು ಹತ್ತಿದಾಗ ಲತೀಫಾಳೂ ಜೊತೆಗಿದ್ದಳು. ಏಳು ವರ್ಷದಲ್ಲಿ ಅವಳು ಆ ವಿಮಾನಗಳನ್ನು ಒಮ್ಮೆಯೂ ನೋಡಿರಲಿಲ್ಲ. ಕಲ್ಯಾಣಪ್ಪನವರು ಮನೆಯ ಕಟ್ಟೆಯ ಮೇಲೆ ಮುರಿದ ರೆಕ್ಕೆಗೆ ಅಂಟು ಹಚ್ಚುತ್ತ ಕೂತಿದ್ದರು. ಜಹಾಂಗೀರ್ ಚಪ್ಪಲಿ ಬಿಟ್ಟವನೇ ನಿಂತಲ್ಲೇ ಹೇಳಿಬಿಟ್ಟ.

"ಎಣ್ಣಿ ತಪ್ಪಲ್ರಿ ಅದು. ಎಂಜಿನ್ ಏದ್ಲಾಕತ್ತಿತ್ತು, ನನಗ ಕೇಳಸಲಿಲ್ಲ. ನನ್ನ ಕಿವಿ ಹೋಗ್ಯಾವ್ರಿ."

ಕಲ್ಯಾಣಪ್ಪನವರು ಕೈಯಲ್ಲಿದ್ದ ಅಂಟಿನ ಕಡ್ಡಿಯನ್ನು ಕೆಳಗಿಟ್ಟರು.

"ವಿಮಾನ ಬಿದ್ದದ್ದಕ್ಕ ಸಿಟ್ಟಿಲ್ಲ, ಜಹಾಂಗೀರ್ ಭಾಯಿ," ಎಂದರು. "ನಾಲ್ಕು ವಾರ ಕುಂತು ಎಣ್ಣಿ ಅಳ್ಯಾಕತ್ತೀನಿ ನಾ. ಎರಡು ಬಾಟ್ಲಿ ಚೆಲ್ಲೀನಿ. ಕೈ ನಡುಗ್ತದೇನೋ, ಅಳತಿ ತಪ್ಪತದೇನೋ, ಇನ್ನ ಇದೆಲ್ಲ ಬಿಟ್ಟುಬಿಡ್ಲೇನೋ ಅಂತ ಚಿಂತಿ ಮಾಡೀನಿ. ಫೋನ್ ಮಾಡಿದಾಗರ ಒಂದು ಮಾತು ಹೇಳಿದ್ರ ಆಗ್ತಿರಲಿಲ್ಲೇನು?"

ಮಾಫ್ ಮಾಡ್ರಿ ಎಂದ ಜಹಾಂಗೀರ್. ಕಲ್ಯಾಣಪ್ಪನವರು ತಲೆಯಾಡಿಸಿದರು, ಆದರೆ ಮುಖ ಗಂಟಿಕ್ಕಿಯೇ ಇತ್ತು. ಅಷ್ಟರಲ್ಲಿ ಯಂಕಪ್ಪನ ಹೆಂಡತಿ ಸೂಗಮ್ಮ ಬಂದು, ಲತೀಫಾಳ ಕೈ ಹಿಡಿದು ಒಳಗೆ ಕರೆದಳು. ಊಟವಾದ ಮೇಲೆ ಇಬ್ಬರು ಗಂಡಸರೂ ಕೂತು ರೆಕ್ಕೆಗೆ ಕಾಗದ ಹಚ್ಚಿದರು. ಬಸ್ಸಿಗೆ ಹೊರಡುವಾಗ ಕಲ್ಯಾಣಪ್ಪನವರೇ ಒಂದು ಬಾಳೆಯ ಚಿಪ್ಪು ತಂದು ಲತೀಫಾಳ ಚೀಲಕ್ಕೆ ಹಾಕಿದರು. ಮುಂದಿನ ವಾರ ಎಂಜಿನ್ ತರಬೇಕು ಎಂದೂ ಹೇಳಿದರು.

ಹೊಸ ಪಿಸ್ಟನ್ ತರಿಸಲು ಒಂದು ತಿಂಗಳು ಹಿಡಿಯಿತು. ಸಣ್ಣ ಮಳೆ ಬಿದ್ದು ಮಣ್ಣು ಮೆತ್ತಗಾದ ಒಂದು ಬೆಳಿಗ್ಗೆ, ಕಟ್ಟೆಯ ಮುಂದಿನ ಹಲಗೆಗೆ ಎಂಜಿನ್ ಬಿಗಿದರು. ಲತೀಫಾ ತುಸು ದೂರದಲ್ಲಿ ಹೊರಸಿನ ಮೇಲೆ ಬೆನ್ನು ತಿರುಗಿಸಿ ಕೂತಳು. ನೋಡಿದರೆ ಕೇಳುವುದು ಕೆಡುತ್ತದೆ ಎಂದಳು. ಜಹಾಂಗೀರ್ ಎರಡು ಬೆರಳನ್ನು ಹಲಗೆಯ ಮೇಲಿಟ್ಟ. ಕಿವಿ ಹೋದರೂ ಬೆರಳು ಇದ್ದವು. ಸರಿಯಾದ ಹೊರೆಗೆ ಹಲಗೆ ಒಂದು ತರಹ ಜುಮ್ಮೆನ್ನುತ್ತದೆ, ಹೆಚ್ಚಾದರೆ ಒದೆಯುತ್ತದೆ. ಮೊದಲು ಎಂಟು-ಆರನ್ನೇ ಹಾಕಿದರು.

"ಇದು ಬ್ಯಾಡ್ರಿ ಅಣ್ಣಾ," ಎಂದಳು ಲತೀಫಾ ತಿರುಗದೆಯೇ. "ಪಾಪ, ತುಂಬಿದ ಕೊಡ ಹೊತ್ತು ಮೆಟ್ಲ ಹತ್ತಿದಂಗ ಮಾಡ್ಲಾಕತ್ತಾದ."

ಆಮೇಲೆ ಎಂಟು-ನಾಲ್ಕು. ಇದಕ್ಕೆ ಏನೂ ತ್ರಾಸಿಲ್ಲ ಎಂದಳು. ಹಲಗೆಯೂ ಜಹಾಂಗೀರನಿಗೆ ಅದನ್ನೇ ಹೇಳಿತು. ಆದರೆ ಇಷ್ಟು ಭಾರದ ವಿಮಾನಕ್ಕೆ ಅದರ ವೇಗ ಸಾಲದು, ತಂತಿ ಸಡಿಲಾಗುತ್ತದೆ ಎಂದು ಅವನಿಗೆ ಅನುಮಾನ. ಏಳು-ಆರು ಹಾಕಿದಾಗ ಇಬ್ಬರ ಮಾತೂ ಹೊಂದಲಿಲ್ಲ. ಎಂಜಿನ್ ಹಗುರಾಗಿದೆ ಎಂದು ಅವಳು, ಒಳಗೆ ಒದೆಯುತ್ತಿದೆ ಎಂದು ಅವನು. ಕೊನೆಗೆ ಜಹಾಂಗೀರ್ ಒಂದು ಎಂಟು-ಐದನ್ನು ತೆಗೆದುಕೊಂಡು, ಎರಡೂ ತುದಿಯನ್ನು ಕಾಲು ಕಾಲು ಇಂಚು ಕತ್ತರಿಸಿ, ಮರಳುಕಾಗದದಿಂದ ಉಜ್ಜಿದ. ನಡುವಿನ ತೂತಿಗೆ ಸೂಜಿ ತೂರಿಸಿ ಹಿಡಿದು, ಯಾವ ಪಕ್ಕ ವಾಲುತ್ತದೆ ನೋಡಿ, ಭಾರವಿದ್ದ ರೆಕ್ಕೆಯನ್ನು ಮತ್ತೆ ಉಜ್ಜಿದ. ಈ ಕೆಲಸದಲ್ಲಿ ಅವನ ಕೈಗೆ ವಯಸ್ಸಾಗಿರಲಿಲ್ಲ. ಅದನ್ನು ಹಾಕಿದಾಗ ಲತೀಫಾ ಬಹಳ ಹೊತ್ತು ಕೇಳಿದಳು. ಆಮೇಲೆ ಇದೇ ಆಗಲಿ ಎಂಬಂತೆ ಎಂಜಿನ್ನಿನ ಕಡೆ ತಿರುಗಿ ಕೂತಳು.

ವಿಮಾನ ಎದ್ದಾಗ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ತಂತಿ ಬಿಗಿಯಾಗಿ ನಿಂತಿತು. ಕಲ್ಯಾಣಪ್ಪನವರು ನಡುವೆ ನಿಧಾನವಾಗಿ ಸುತ್ತುತ್ತಿದ್ದರು, ತಲೆ ಸುತ್ತೀತೆಂದು ಯಂಕಪ್ಪ ಪಕ್ಕದಲ್ಲೇ ಕಾವಲು ನಿಂತಿದ್ದ. ಇಂಧನ ಮುಗಿಯುವ ತನಕ ಹಾರಿ ವಿಮಾನ ತಾನಾಗಿ ಹುಲ್ಲಿನ ಮೇಲೆ ಇಳಿಯಿತು.

ಈಗ ತಿಂಗಳಿಗೆ ಎರಡು ಭಾನುವಾರ ಗಂಡ ಹೆಂಡತಿ ಇಬ್ಬರೂ ಕಮಲಾಪುರಕ್ಕೆ ಹೋಗುತ್ತಾರೆ. ಬೀದರಿನವರು ಎಂಜಿನ್ ಸದ್ದು ಕೇಳಿಸಬೇಕೆಂದರೆ ಜಹಾಂಗೀರ್ ಫೋನನ್ನು ಪರದೆಯ ಒಳಗೆ ಚಾಚುತ್ತಾನೆ, ಮುಚ್ಚುಮರೆ ಏನೂ ಇಲ್ಲ. ಲತೀಫಾ ಗೆದ್ದೆನೆಂದು ಬೀಗಿದವಳಲ್ಲ. ಆದರೆ ತನ್ನ ಮಾತಿನಿಂದ ಹಿಂದೆ ಸರಿಯುವವಳೂ ಅಲ್ಲ. ಹೋದ ವಾರ ಒಂದು ಸಣ್ಣ ವಿಮಾನಕ್ಕೆ ಏಳು-ನಾಲ್ಕು ಸಾಕೆಂದು ಅವಳು, ಗಾಳಿ ಎದ್ದಿದೆ, ಅದು ಸಾಲದೆಂದು ಅವನು ಹಟ ಹಿಡಿದರು. ಕಲ್ಯಾಣಪ್ಪನವರು ವಿಮಾನವನ್ನು ಮಗುವಿನ ಹಾಗೆ ಎತ್ತಿಕೊಂಡು ಬದುವಿನ ಮೇಲೆ ಕಾಯುತ್ತ ಕೂತರು. ಇವರಿಬ್ಬರ ದಖ್ಖನಿ ಉರ್ದು ಅವರಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಗಾಳಿ ಇಳಿಯುವ ತನಕ ಜಗಳ ನಡೆಯಿತು. ಆಮೇಲೆ ಏಳು-ನಾಲ್ಕನ್ನೇ ಹಾಕಿ ಹಾರಿಸಿದರು.